ದಂತ ಸಲಹೆ: ಇಂಪ್ಲಾಂಟ್‌ಗೆ ಮೊದಲು ದಾನಿಯ ಮೂಳೆ

ದವಡೆಯ ಮೂಳೆಯಲ್ಲಿ ಸ್ಕ್ರೂ ಕೂರಿಸಿ ಅದರ ಮೇಲೆ ಕಟ್ಟುವ ಇಂಪ್ಲಾಂಟ್ ಹಲ್ಲುಗಳ ಬಗ್ಗೆ ಹಿಂದೊಮ್ಮೆ ಈ ಅಂಕಣದಲ್ಲಿ ಬರೆದಾಗ, ದವಡೆಯಲ್ಲಿ ಮೂಳೆ ಸಾಲದಿದ್ದರೆ ದಾನಿಯ ಮೂಳೆಯನ್ನು ತುಂಬಿಸಿ ಆಮೇಲೆ ಇಂಪ್ಲಾಂಟ್ ಕೂರಿಸುವ ಪದ್ಧತಿಯೂ ಇದೆ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಸಾಗಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರಗಳು ಉಳಿದ ಇಡೀ ಲೇಖನಕ್ಕೆ ಬರಲಿಲ್ಲ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಮಾನ್ಯ ಡಾಕ್ಟರರೇ, ನನಗೆ 56 ವರ್ಷ. ಮೇಲಿನ ಎಡಭಾಗದ ಎರಡು ದವಡೆ ಹಲ್ಲುಗಳನ್ನು ಆರು ವರ್ಷಗಳ ಹಿಂದೆ ಕೀಳಿಸಿದ್ದೆ. ಆಗ ಮಗಳ ಮದುವೆಯ ಗಡಿಬಿಡಿಯಲ್ಲಿ ಬೇರೆ ಹಲ್ಲು ಕಟ್ಟಿಸಲಿಲ್ಲ. ಈಗ ಇಂಪ್ಲಾಂಟ್ ಮಾಡಿಸೋಣವೆಂದರೆ ಅಲ್ಲಿ ಮೂಳೆಯೇ ಇಲ್ಲ, ದಾನಿಯ ಮೂಳೆ ಹಾಕಿ ಎಂಟು ತಿಂಗಳು ಕಾಯಬೇಕು ಎನ್ನುತ್ತಾರೆ. ಇದ್ದ ಮೂಳೆ ಎಲ್ಲಿಗೆ ಹೋಯಿತು? ಬೇರೊಬ್ಬರ ಎಲುಬು ನನಗೆ ಹಿಡಿಯುತ್ತದೆಯೇ? (ಉಡುಪಿ)

ಉತ್ತರ: ಹಲ್ಲಿನ ಬೇರನ್ನು ಹಿಡಿದುಕೊಂಡಿರುವ ಮೂಳೆ ಹಲ್ಲಿಗಾಗಿಯೇ ಇರುವಂಥದ್ದು. ನಾವು ಅಗಿಯುವಾಗ ಬೇರಿನ ಸುತ್ತಲಿನ ನವಿರಾದ ತಂತುಗಳು ಮೂಳೆಯನ್ನು ಎಳೆಯುತ್ತಿರುತ್ತವೆ, ಆ ಎಳೆತ ಇರುವವರೆಗೆ ದೇಹವು ಆ ಮೂಳೆಯನ್ನು ಸಾಕುತ್ತದೆ. ಹಲ್ಲು ಹೋದ ಮೇಲೆ ಕೆಲಸವಿಲ್ಲದ ಆ ಮೂಳೆಯನ್ನು ದೇಹವೇ ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ನಿಧಾನವಾಗಿ ಎಂದೆನಾದರೂ ಮೊದಲ ಕಂತು ಅಷ್ಟೇನೂ ನಿಧಾನವಲ್ಲ: ದವಡೆಯ ಹಿಂಭಾಗದ ಹಲ್ಲು ಕಿತ್ತ ಜಾಗದಲ್ಲಿ ಮೂಳೆಯ ಅಗಲ ಮೊದಲ ವರ್ಷದಲ್ಲೇ ಸುಮಾರು ಅರ್ಧದಷ್ಟು ಕಡಿಮೆಯಾಗುತ್ತದೆ, ಆ ನಷ್ಟದ ಹೆಚ್ಚಿನ ಪಾಲು ಮೊದಲ 3 ತಿಂಗಳಲ್ಲೇ ಆಗಿಹೋಗುತ್ತದೆ. ನಿಮ್ಮ ವಿಷಯದಲ್ಲಿ ಇನ್ನೊಂದು ಕಾರಣವೂ ಸೇರಿದೆ. ಮೇಲಿನ ದವಡೆ ಹಲ್ಲುಗಳ ಬೇರಿಗೆ ತಾಗಿದಂತೆ, ಮೇಲ್ದವಡೆಯ ಮೂಳೆಯೊಳಗೆ, ಸೈನಸ್ ಎಂಬ ಗಾಳಿ ತುಂಬಿದ ಪೊಳ್ಳು ಜಾಗವಿದೆ. ಹಲ್ಲಿನ ಬೇರುಗಳು ಇಲ್ಲವಾದ ಮೇಲೆ ಈ ಸೈನಸ್ ಕೆಳಗೆ ಇಳಿದು ಜಾಗ ಆಕ್ರಮಿಸುತ್ತದೆ. ಒಂದು ಕಡೆ ವಸಡಿನಿಂದ ಮೇಲಕ್ಕೆ, ಇನ್ನೊಂದು ಕಡೆ ಸೈನಸ್‌ನಿಂದ ಕೆಳಕ್ಕೆ ಮೂಳೆ ಸವೆದು, ಆರು ವರ್ಷಗಳಲ್ಲಿ ನಡುವೆ ಮೂರು ನಾಲ್ಕು ಮಿಲಿಮೀಟರ್ ಉಳಿದಿದ್ದರೆ ಆಶ್ಚರ್ಯವಿಲ್ಲ. ಸಾಮಾನ್ಯವಾಗಿ ನಾವು ಬಳಸುವ ಇಂಪ್ಲಾಂಟ್‌ನ ಉದ್ದ 8ರಿಂದ 10 ಮಿಲಿಮೀಟರ್. ಅಷ್ಟು ಉದ್ದದ ಸ್ಕ್ರೂವನ್ನು ನಾಲ್ಕು ಮಿಲಿಮೀಟರ್ ಮೂಳೆಯಲ್ಲಿ ಕೂರಿಸಿದರೆ ಅದರ ತುದಿ ಸೈನಸ್ಸಿನ ಗಾಳಿಯಲ್ಲಿರುತ್ತದೆ.

ಇದಕ್ಕೆ ಮಾಡುವ ಚಿಕಿತ್ಸೆಗೆ ಸೈನಸ್ ಲಿಫ್ಟ್ ಎಂದು ಹೆಸರು. ವಸಡನ್ನು ಬಿಡಿಸಿ, ಸೈನಸ್‌ನ ಪಕ್ಕದ ಗೋಡೆಯಲ್ಲಿ ಬೆರಳ ಉಗುರಿನಷ್ಟು ಅಗಲದ ಕಿಟಕಿ ತೆರೆದು, ಒಳಗಿನ ಪೊರೆಯನ್ನು ಹರಿಯದಂತೆ ಮೇಲಕ್ಕೆತ್ತಿ, ಪೊರೆಗೂ ಮೂಳೆಗೂ ನಡುವೆ ಆದ ಜಾಗದಲ್ಲಿ ಮೂಳೆಯ ಕಾಳುಗಳನ್ನು ತುಂಬುತ್ತೇವೆ. ಆ ಪೊರೆ ಎಷ್ಟು ತೆಳುವೆಂದರೆ, ನಾವು ಕಲಿಯುವಾಗ ಹಸಿ ಕೋಳಿಮೊಟ್ಟೆಯ ಚಿಪ್ಪನ್ನು ಸ್ವಲ್ಪ ಸ್ವಲ್ಪವೇ ಕೆರೆದು, ಒಳಗಿನ ಬಿಳಿ ಪೊರೆ ಒಡೆಯದಂತೆ ಕಿಟಕಿ ಮಾಡುವ ಅಭ್ಯಾಸ ಮಾಡುತ್ತಿದ್ದೆವು. ನನ್ನ ಮೊದಲ ಹತ್ತು ಮೊಟ್ಟೆಗಳಲ್ಲಿ ಏಳು ಹಾಸ್ಟೆಲಿನ ಆಮ್ಲೆಟ್ ಆದವು.

ಇನ್ನು ಹಿಡಿಯುವ ಮಾತು. ತುಂಬಿಸಿದ ಆ ಕಾಳುಗಳೇ ನಿಮ್ಮ ದವಡೆಯಾಗುತ್ತವೆ ಎಂದು ಹೆಚ್ಚಿನವರು ಭಾವಿಸುತ್ತಾರೆ, ಗೊಂದಲವೆಲ್ಲ ಹುಟ್ಟುವುದು ಅಲ್ಲಿಂದಲೇ. ತಾರಸಿ ಹಾಕುವಾಗ ಕೆಳಗೆ ಹಲಗೆ, ಕಂಬ ಕೊಟ್ಟು ಸೆಂಟ್ರಿಂಗ್ ಮಾಡುವುದನ್ನು ನೀವು ನೋಡಿರುತ್ತೀರಿ. ದಾನಿಯ ಮೂಳೆ ಮಾಡುವುದು ಆ ಸೆಂಟ್ರಿಂಗಿನ ಕೆಲಸ. ಅದು ಜಾಗ ಕುಸಿಯದಂತೆ ತಡೆದಿರುತ್ತದೆ. ಸುತ್ತಲಿನ ನಿಮ್ಮದೇ ಮೂಳೆಯಿಂದ ರಕ್ತನಾಳಗಳು ಆ ಕಾಳುಗಳ ಸಂದಿಗೆ ಬರುತ್ತವೆ, ಅವುಗಳ ಹಿಂದೆ ಮೂಳೆ ಕಟ್ಟುವ ಕೋಶಗಳು ಬರುತ್ತವೆ, ಅವು ಕಾಳಿನ ಮೈಮೇಲೆ ಹೊಸ ಮೂಳೆ ಹಾಸುತ್ತ ಹೋದಂತೆ ಹಳೆಯ ಕಾಳು ತಾನಾಗಿ ಸವೆಯುತ್ತದೆ. ಮೂತ್ರಪಿಂಡ ಕಸಿ ಮಾಡಿದವರಂತೆ ಜೀವನವಿಡೀ ಮಾತ್ರೆ ನುಂಗುವ ಅಗತ್ಯ ಇಲ್ಲಿಲ್ಲ, ರಕ್ತದ ಗುಂಪು ಹೊಂದಿಸುವ ಅಗತ್ಯವೂ ಇಲ್ಲ, ಏಕೆಂದರೆ ಸಂಸ್ಕರಿಸಿದ ಆ ಕಾಳಿನಲ್ಲಿ ದಾನಿಯ ಜೀವಕೋಶ ಉಳಿದಿರುವುದಿಲ್ಲ. ಕಟ್ಟುವವರು ನಿಮ್ಮ ಕೋಶಗಳೇ ಆದ್ದರಿಂದ ಅವುಗಳಿಗೆ ಬೇಕಾದಷ್ಟು ಸಮಯವನ್ನು ನೀವು ಕೊಡಬೇಕು. ಹಲ್ಲು ಕಿತ್ತ ಗುಳಿಗೆ ತುಂಬಿದ್ದಾದರೆ ನಾಲ್ಕರಿಂದ ಆರು ತಿಂಗಳು ಸಾಕು, ಸೈನಸ್‌ಗೆ ಆರರಿಂದ ಒಂಬತ್ತು ತಿಂಗಳು. ನಿಮಗೆ ಹೇಳಿದ ಎಂಟು ತಿಂಗಳು ಸರಿಯಾದ ಲೆಕ್ಕ.

ಪ್ರಶ್ನೆ: ದಾನಿಯ ಮೂಳೆ ಎಂದರೆ ಯಾರದ್ದು, ಎಲ್ಲಿಂದ ಬರುತ್ತದೆ? ಅದರಿಂದ ಎಚ್‌ಐವಿ, ಕಾಮಾಲೆ ಬರುವುದಿಲ್ಲ ಎಂಬುದಕ್ಕೆ ಏನು ಖಾತ್ರಿ? ಅಮೆರಿಕದಲ್ಲಿ ಇಂಥ ಮೂಳೆಯಿಂದ ಕ್ಷಯ ಹರಡಿತೆಂದು ನನ್ನ ಮಗ ಮೊಬೈಲಿನಲ್ಲಿ ತೋರಿಸಿದ. (ಕಂಕನಾಡಿ, ಮಂಗಳೂರು)

ಉತ್ತರ: ನಿಮ್ಮ ಮಗ ತೋರಿಸಿದ ಸುದ್ದಿ ಸುಳ್ಳಲ್ಲ. ಆದರೆ ಅದು ಯಾವ ಬಗೆಯ ಮೂಳೆ ಎಂಬುದನ್ನು ತಿಳಿದುಕೊಂಡರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ.

ಮರಣಾನಂತರ ಕುಟುಂಬದವರ ಒಪ್ಪಿಗೆಯಿಂದ ದಾನವಾಗಿ ಬಂದ ಮೂಳೆ ಒಂದು ಮೂಲ. ಸೊಂಟದ ಕೀಲು ಬದಲಾಯಿಸುವ ಶಸ್ತ್ರಚಿಕಿತ್ಸೆಯಲ್ಲಿ ತೆಗೆದುಹಾಕುವ ತೊಡೆಯೆಲುಬಿನ ತಲೆಯನ್ನು ರೋಗಿಯ ಒಪ್ಪಿಗೆ ಪಡೆದು ಇಟ್ಟುಕೊಳ್ಳುವುದು ಇನ್ನೊಂದು ಮೂಲ. ಎರಡೂ ಬಂದು ಸೇರುವುದು ಟಿಶ್ಯೂ ಬ್ಯಾಂಕಿಗೆ. ನಮ್ಮ ದೇಶದಲ್ಲಿ ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಟಿಶ್ಯೂ ಬ್ಯಾಂಕ್ 1988ರಿಂದ ಕೆಲಸ ಮಾಡುತ್ತಿದೆ, ದಂತ ವೈದ್ಯರು ಬಳಸುವ ಮೂಳೆಯ ಪುಡಿ ಅಲ್ಲಿಂದಲೂ ಬರುತ್ತದೆ. ವಿದೇಶಗಳಿಂದ ಆಮದಾಗುವುದೂ ಇದೆ. 1994ರ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ತಿದ್ದುಪಡಿಯಾದ ಮೇಲೆ ಮೂಳೆ, ಚರ್ಮದಂತಹ ಅಂಗಾಂಶಗಳೂ ಅದರ ವ್ಯಾಪ್ತಿಗೆ ಬಂದವು ಮತ್ತು ಟಿಶ್ಯೂ ಬ್ಯಾಂಕುಗಳಿಗೆ ನೋಂದಣಿ ಕಡ್ಡಾಯವಾಯಿತು.

ಬ್ಯಾಂಕಿನಲ್ಲಿ ಮೊದಲು ದಾನಿಯ ಆರೋಗ್ಯದ ಇತಿಹಾಸ ನೋಡುತ್ತಾರೆ, ರಕ್ತದಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಪರೀಕ್ಷೆ ಮಾಡುತ್ತಾರೆ. ಬಳಿಕ ಮೂಳೆಯಿಂದ ರಕ್ತ, ಕೊಬ್ಬು, ಮಜ್ಜೆ ಎಲ್ಲವನ್ನೂ ತೊಳೆದು ತೆಗೆದು, ಶೀತದಲ್ಲಿ ಹೆಪ್ಪುಗಟ್ಟಿಸಿ ನೀರಿನ ಅಂಶವನ್ನು ಹೀರಿ ಒಣಗಿಸುತ್ತಾರೆ. ಅದನ್ನು ಅರೆದು, ಜರಡಿ ಹಿಡಿದು, ಸೀಸೆಗೆ ತುಂಬಿ, ರೋಗಾಣುಗಳು ಸಾಯಲೆಂದು ಮುಚ್ಚಿದ ಪೊಟ್ಟಣದಲ್ಲಿರುವಂತೆಯೇ ಗಾಮಾ ವಿಕಿರಣಕ್ಕೆ ಒಡ್ಡುತ್ತಾರೆ. ಕೆಲವು ಪುಡಿಗಳನ್ನು ಇದರ ನಡುವೆ ಆಮ್ಲದಲ್ಲಿ ಅದ್ದಿ ಸುಣ್ಣದ ಅಂಶವನ್ನೂ ತೆಗೆಯುವುದುಂಟು. ಹಾಗೆ ಸುಣ್ಣ ತೆಗೆದ ಮೂಳೆಯನ್ನು ಪ್ರಾಣಿಯ ಸ್ನಾಯುವಿನೊಳಗೆ ಇಟ್ಟರೂ ಅಲ್ಲಿ ಹೊಸ ಮೂಳೆ ಹುಟ್ಟುತ್ತದೆ ಎಂಬುದನ್ನು ಅಮೆರಿಕದ ಮಾರ್ಷಲ್ ಯುರಿಸ್ಟ್ 1965ರಲ್ಲಿ ತೋರಿಸಿಕೊಟ್ಟಿದ್ದರು. ಮೂಳೆಯೊಳಗೆ ಅಡಗಿರುವ ಪ್ರೋಟೀನುಗಳು ಸುಣ್ಣ ಕರಗಿದಾಗ ಹೊರಬಂದು ಸುತ್ತಲಿನ ಕೋಶಗಳನ್ನು ಮೂಳೆ ಕಟ್ಟಲು ಪ್ರೇರಿಸುತ್ತವೆ. ಸುಣ್ಣ ಉಳಿಸಿಕೊಂಡ ಪುಡಿಯಾದರೋ ಗಟ್ಟಿ, ಹೆಚ್ಚು ಕಾಲ ಕುಸಿಯದೆ ನಿಲ್ಲುತ್ತದೆ. ಯಾವುದನ್ನು ಬಳಸಬೇಕೆಂಬುದು ಜಾಗವನ್ನು ನೋಡಿ ನಿರ್ಧರಿಸುವ ಮಾತು, ಎರಡನ್ನೂ ಬೆರೆಸುವವರೂ ಇದ್ದಾರೆ. (ಕಾಕತಾಳೀಯವೆಂದರೆ, ಸ್ವೀಡನ್ನಿನಲ್ಲಿ ಬ್ರೋನೆಮಾರ್ಕ್ ಮೊದಲ ರೋಗಿಗೆ ಟೈಟೇನಿಯಂ ಇಂಪ್ಲಾಂಟ್ ಕೂರಿಸಿದ್ದೂ 1965ರಲ್ಲೇ, ನಮ್ಮ ಮಣಿಪಾಲದಲ್ಲಿ ದಂತ ವೈದ್ಯಕೀಯ ಕಾಲೇಜು ಆರಂಭವಾದದ್ದೂ ಅದೇ ವರ್ಷ.)

ಈಗ ಸೋಂಕಿನ ವಿಷಯ. 1985ರಲ್ಲಿ ಅಮೆರಿಕದಲ್ಲಿ ಸತ್ತ ಒಬ್ಬ ದಾನಿಯ ರಕ್ತಪರೀಕ್ಷೆಯಲ್ಲಿ ಎಚ್‌ಐವಿ ಕಾಣಿಸಿರಲಿಲ್ಲ, ಆದರೆ ಸೋಂಕು ಇತ್ತು. ಆತನಿಂದ ಅಂಗಗಳನ್ನು ಪಡೆದವರಿಗೂ, ಸಂಸ್ಕರಿಸದೆ ಹಾಗೆಯೇ ಶೈತ್ಯದಲ್ಲಿಟ್ಟಿದ್ದ ಮೂಳೆ ಪಡೆದ ಮೂವರಿಗೂ ರೋಗ ತಗುಲಿತು; ಮಜ್ಜೆ ತೆಗೆದು, ಒಣಗಿಸಿ ಸಂಸ್ಕರಿಸಿದ ಅಂಗಾಂಶ ಪಡೆದು ಪರೀಕ್ಷೆಗೆ ಒಳಗಾದವರಲ್ಲಿ ಅದು ಕಾಣಲಿಲ್ಲ. ನಿಮ್ಮ ಮಗ ಹೇಳಿದ ಕ್ಷಯದ ಪ್ರಕರಣ 2021ರದ್ದು, 2023ರಲ್ಲಿ ಮತ್ತೊಮ್ಮೆ ಮರುಕಳಿಸಿತು. ಅಲ್ಲಿ ಬಳಸಿದ್ದು ಜೀವಂತ ಕೋಶಗಳನ್ನು ಉದ್ದೇಶಪೂರ್ವಕವಾಗಿ ಉಳಿಸಿಕೊಂಡ ಒಂದು ಬಗೆಯ ಮೂಳೆ. ಕೋಶ ಬದುಕಿರಬೇಕಾದರೆ ವಿಕಿರಣ ಕೊಡುವಂತಿಲ್ಲ, ವಿಕಿರಣ ಕೊಡದಿದ್ದರೆ ಕೋಶದೊಡನೆ ಕ್ಷಯದ ಬ್ಯಾಕ್ಟೀರಿಯವೂ ಬದುಕಿರುತ್ತದೆ. ನಮ್ಮಲ್ಲಿ ದಂತ ಚಿಕಿತ್ಸೆಗೆ ಸಾಮಾನ್ಯವಾಗಿ ಬಳಸುವುದು ಒಣಗಿಸಿ ವಿಕಿರಣ ಕೊಟ್ಟ ಪುಡಿಯನ್ನು. ಅದರಲ್ಲಿ ಅಪಾಯ ಸೊನ್ನೆ ಎಂದು ಬರೆದುಕೊಡಲು ನಾನು ಸಿದ್ಧನಿಲ್ಲವಾದರೂ, ಅದು ಅತಿ ಕಡಿಮೆ ಎಂದು ಹೇಳಲು ಹಿಂಜರಿಯುವುದಿಲ್ಲ.

ನೀವು ಮಾಡಬೇಕಾದ ಕೆಲಸ ಒಂದಿದೆ. ಪ್ರತಿ ಸೀಸೆಯ ಜೊತೆ ಬ್ಯಾಂಕಿನ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇರುವ ಚೀಟಿ ಬರುತ್ತದೆ. ಅದರ ಒಂದು ಪ್ರತಿಯನ್ನು ನಿಮ್ಮ ಫೈಲಿಗೆ ಅಂಟಿಸಿಕೊಡುವಂತೆ ಕೇಳಿ ಪಡೆಯಿರಿ. ಅದನ್ನು ಕೇಳಿದ್ದಕ್ಕೆ ಮುಖ ಗಂಟಿಕ್ಕುವ ವೈದ್ಯರಲ್ಲಿ ಮೂಳೆ ಹಾಕಿಸಿಕೊಳ್ಳುವ ಬಗ್ಗೆ ಎರಡನೆಯ ಸಲ ಯೋಚಿಸಿ.

ಪ್ರಶ್ನೆ: ನನ್ನ ತಾಯಿಗೆ 68 ವರ್ಷ, ಮನೆಯಲ್ಲಿ ನಿತ್ಯ ದೇವರ ಪೂಜೆಗೆ ಅಣಿ ಮಾಡುವವರು, ಮಡಿ ಬಿಟ್ಟವರಲ್ಲ. ಕೆಳಗಿನ ದವಡೆಗೆ ಮೂಳೆ ಹಾಕಬೇಕೆಂದಾಗ, ಸತ್ತವರ ಎಲುಬನ್ನು ಬಾಯಲ್ಲಿಟ್ಟುಕೊಂಡು ನೈವೇದ್ಯ ಮಾಡುವುದು ಹೇಗೆಂದು ಕೂತುಬಿಟ್ಟಿದ್ದಾರೆ. ದನದ ಮೂಳೆಯೂ ಇರುತ್ತದಂತೆ ಎಂದು ಯಾರೋ ಹೇಳಿದ ಮೇಲಂತೂ ಆ ಕ್ಲಿನಿಕ್ಕಿನ ಹೆಸರೆತ್ತಲೂ ಬಿಡುತ್ತಿಲ್ಲ. ಅವರನ್ನು ಹೇಗೆ ಒಪ್ಪಿಸುವುದು? (ಕಾರ್ಕಳ)

ಉತ್ತರ: ಒಪ್ಪಿಸಬೇಕೆಂದೇನೂ ಇಲ್ಲ. ನಿಮ್ಮ ತಾಯಿಯವರು ಕೇಳಿದ ಪ್ರಶ್ನೆಯನ್ನು ಬೇರೆ ಬೇರೆ ರೂಪದಲ್ಲಿ ನಾನು ಎಲ್ಲ ಸಮುದಾಯದವರಿಂದಲೂ ಕೇಳಿದ್ದೇನೆ. ಹಂದಿಯ ಅಂಶವಿದೆಯೇ ಎಂದು ಕೇಳುವ ಬ್ಯಾರಿ ಕುಟುಂಬದವರಿದ್ದಾರೆ, ಪ್ರಾಣಿಜನ್ಯವಾದ ಯಾವುದೂ ಬೇಡವೆನ್ನುವ ಜೈನರಿದ್ದಾರೆ. ಇದು ಕೇಳಲೇಬೇಕಾದ ಪ್ರಶ್ನೆ, ಮತ್ತು ವೈದ್ಯರು ತಾವಾಗಿಯೇ ಮೊದಲೇ ಹೇಳಬೇಕಾದ ವಿಷಯ. ಒಪ್ಪಿಗೆ ಪತ್ರದಲ್ಲಿ ಬರೀ ಬೋನ್ ಗ್ರಾಫ್ಟ್ (ಮೂಳೆ ಕಸಿ) ಎಂದು ಬರೆದು ಸಹಿ ಹಾಕಿಸಿಕೊಳ್ಳುವುದು ಸರಿಯಲ್ಲ.

ಬಳಕೆಯಲ್ಲಿರುವ ಮೂಳೆ ನಾಲ್ಕು ಬಗೆಯದು. ಮೊದಲನೆಯದು ರೋಗಿಯದೇ ಮೂಳೆ: ಗಲ್ಲದಿಂದಲೋ, ಕೆಳದವಡೆಯ ಹಿಂದಿನ ಮೂಲೆಯಿಂದಲೋ ಕೆರೆದು ಇಲ್ಲವೇ ತುಂಡಾಗಿ ತೆಗೆದದ್ದು. ಜೀವಂತ ಕೋಶಗಳಿರುವುದರಿಂದ ಗುಣದಲ್ಲಿ ಇದಕ್ಕೆ ಸಾಟಿಯಿಲ್ಲ, ಆದರೆ ಇನ್ನೊಂದು ಗಾಯ, ಇನ್ನಷ್ಟು ಬಾವು, ಸಿಗುವ ಪ್ರಮಾಣವೂ ಅಷ್ಟಕ್ಕಷ್ಟೆ. ಎರಡನೆಯದು ಮನುಷ್ಯ ದಾನಿಯದು. ಮೂರನೆಯದು ಪ್ರಾಣಿಯದು, ಹೆಚ್ಚಾಗಿ ದನದ್ದು. ತೀವ್ರ ಉಷ್ಣ ಮತ್ತು ರಾಸಾಯನಿಕಗಳಿಂದ ಪ್ರೋಟೀನನ್ನೆಲ್ಲ ತೆಗೆದು ಖನಿಜವನ್ನಷ್ಟೇ ಉಳಿಸಿರುತ್ತಾರೆ, ಅದು ಬಹಳ ನಿಧಾನವಾಗಿ ಕರಗುತ್ತದೆ. ನಾಲ್ಕನೆಯದು ಕಾರ್ಖಾನೆಯಲ್ಲಿ ತಯಾರಾದ ಕ್ಯಾಲ್ಸಿಯಂ ಫಾಸ್ಫೇಟ್ ಅಥವಾ ವಿಶೇಷ ಗಾಜಿನ ಹರಳು. ಇದರಲ್ಲಿ ಮನುಷ್ಯನದೂ ಇಲ್ಲ, ಪ್ರಾಣಿಯದೂ ಇಲ್ಲ. ನಿಮ್ಮ ತಾಯಿಯವರಿಗೆ ಬೇಕಾದುದು ಈ ನಾಲ್ಕನೆಯದು, ಸಾಧ್ಯವಾದರೆ ಅವರದೇ ದವಡೆಯಿಂದ ಕೆರೆದ ಸ್ವಲ್ಪ ಮೂಳೆಯನ್ನು ಅದಕ್ಕೆ ಬೆರೆಸಬಹುದು. ಜಾಗ ಚಿಕ್ಕದಾಗಿದ್ದು ಸುತ್ತ ಮೂಳೆಯ ಗೋಡೆಗಳಿದ್ದರೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಇಡೀ ಅಂಚನ್ನೇ ಅಗಲವಾಗಿಯೋ ಎತ್ತರವಾಗಿಯೋ ಕಟ್ಟಬೇಕಿದ್ದರೆ ಮಾತ್ರ ಇದೊಂದನ್ನೇ ನಂಬಲು ನನಗೆ ಧೈರ್ಯ ಸಾಲದು.

ಒಂದು ಎಚ್ಚರಿಕೆ: ಹರಳು ಕೃತಕವಾದ ಮಾತ್ರಕ್ಕೆ ಎಲ್ಲವೂ ಕೃತಕವೆಂದು ತಿಳಿಯಬೇಡಿ. ಹರಳಿನ ಮೇಲೆ ಹೊದಿಸುವ, ತಾನಾಗಿ ಕರಗುವ ಕೊಲಾಜೆನ್ ಮೆಂಬ್ರೇನ್ (ಪ್ರೋಟೀನಿನ ತೆಳು ಪೊರೆ) ಸಾಮಾನ್ಯವಾಗಿ ದನ ಅಥವಾ ಹಂದಿಯಿಂದ, ಕೆಲವು ಮೀನಿನಿಂದ ಬಂದಿರುತ್ತವೆ. ಅದರ ಬದಲು ಅವರದೇ ರಕ್ತವನ್ನು ಕೈಯಿಂದ ತೆಗೆದು, ಯಂತ್ರದಲ್ಲಿ ತಿರುಗಿಸಿ, ಸಿಗುವ ಹಳದಿ ಬಣ್ಣದ ಗಟ್ಟಿ ಪದರವನ್ನು ಹೊದಿಸಬಹುದು. ಪಿಆರ್‌ಎಫ್ ಎಂದರೆ ವೈದ್ಯರಿಗೆ ಅರ್ಥವಾಗುತ್ತದೆ. ಅದು ಮೆಂಬ್ರೇನಿನಷ್ಟು ದಿನ ಬಾಳುವುದಿಲ್ಲ, ಚಿಕ್ಕ ಜಾಗಕ್ಕೆ ಸಾಕು.

ಇದ್ಯಾವುದೂ ಬೇಡವೆಂದರೆ ಸರಿಯಾಗಿ ಕೂರುವ ತೆಗೆದಿಡುವ ಹಲ್ಲಿನ ಸೆಟ್ಟು ಇದ್ದೇ ಇದೆ. ಅರವತ್ತೆಂಟರ ವಯಸ್ಸಿನಲ್ಲಿ ಮನಸ್ಸಿಗೆ ಒಗ್ಗದ್ದನ್ನು ಬಾಯಲ್ಲಿಟ್ಟುಕೊಂಡು ದಿನವೂ ಕಸಿವಿಸಿಪಡುವುದಕ್ಕಿಂತ ಅದು ಲೇಸು. ಮಡಿಗೆ ಭಂಗವಾಗುತ್ತದೆಯೇ ಇಲ್ಲವೇ ಎಂಬುದಕ್ಕೆ ಅವರು ನಂಬುವ ಹಿರಿಯರನ್ನು ಕೇಳುವುದು ಯುಕ್ತ, ನನ್ನನ್ನಲ್ಲ.

ಪ್ರಶ್ನೆ: ನನ್ನ ಮಗ (22) ಬೈಕಿನಿಂದ ಬಿದ್ದು ಮೇಲಿನ ಮುಂದಿನ ಹಲ್ಲು ಬೇರಿನಲ್ಲೇ ಸೀಳಿದೆ. ಮುಂದಿನ ವಾರ ಕೀಳಬೇಕು, ಕಿತ್ತ ಕೂಡಲೇ ಗುಳಿಗೆ ಮೂಳೆ ತುಂಬಬೇಕು ಎನ್ನುತ್ತಾರೆ. ಗಾಯ ಒಣಗಿದ ಮೇಲೆ ನಿಧಾನವಾಗಿ ನೋಡಿದರಾಗದೇ? ಇದು ಬಿಲ್ಲು ಏರಿಸುವ ಉಪಾಯವೇ? (ಮೂಡುಬಿದಿರೆ)

ಉತ್ತರ: ಮುಂದಿನ ಹಲ್ಲಿನ ಬೇರಿನ ತುಟಿಯ ಕಡೆಗಿರುವ ಮೂಳೆಯ ಗೋಡೆ ಬಹಳ ಮಂದಿಯಲ್ಲಿ ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಅದಕ್ಕೆ ರಕ್ತ ಬರುವುದು ಬಹುಮಟ್ಟಿಗೆ ಬೇರಿನ ಕಡೆಯಿಂದಲೇ. ಬೇರು ಹೋದೊಡನೆ ಆ ಗೋಡೆ ಸೊರಗಿ, ಕೆಲವೇ ವಾರಗಳಲ್ಲಿ ಮಾಯವಾಗಿ, ವಸಡು ಒಳಕ್ಕೆ ತಗ್ಗುತ್ತದೆ. ನಗುವಾಗ ಕಾಣುವ ಜಾಗವಾದ್ದರಿಂದ ಆ ತಗ್ಗನ್ನು ಮುಚ್ಚುವುದು ಕಷ್ಟ. ಹೀಗಾಗಿ ನಿಮ್ಮ ಮಗನಿಗೆ ಹೇಳಿದ್ದು ಸರಿಯಾದ ಸಲಹೆ. ಗೋಡೆಗಳು ಗಟ್ಟಿಯಾಗಿದ್ದು ಸೋಂಕು ಇಲ್ಲದಿದ್ದರೆ ಅದೇ ದಿನ ಇಂಪ್ಲಾಂಟನ್ನೂ ಇಟ್ಟು ಸುತ್ತಲಿನ ಸಂದಿಗೆ ಮೂಳೆ ತುಂಬುವುದುಂಟು, ಅದನ್ನು ಹಲ್ಲು ಕಿತ್ತ ಮೇಲೆಯೇ ನೋಡಿ ತೀರ್ಮಾನಿಸಬೇಕಾಗುತ್ತದೆ.

ಮುಂದೆ ಏನೇನು ನಡೆಯುತ್ತದೆಂದು ತಿಳಿದಿದ್ದರೆ ಹುಡುಗನಿಗೂ ಧೈರ್ಯ ಬರುತ್ತದೆ. ಸೀಸೆ ಹೆಬ್ಬೆರಳಿನ ಗಾತ್ರದ್ದು, ತಳದಲ್ಲಿ ದಪ್ಪ ರವೆಯಂತಹ ಬಿಳಿ ಕಾಳು ಅರ್ಧ ಚಮಚದಷ್ಟು. ಅಲ್ಲಾಡಿಸಿದರೆ ಒಣ ಮರಳಿನ ಸದ್ದು. ಸಲೈನಿನಲ್ಲಿ ಕೆಲವು ನಿಮಿಷ ನೆನೆಸಿ, ಗುಳಿಯಿಂದಲೇ ತೆಗೆದ ಎರಡು ಹನಿ ರಕ್ತ ಬೆರೆಸಿದಾಗ ಅದು ಮಳೆಗಾಲದ ಹೊಯ್ಗೆಯ ಹಾಗೆ ಚಮಚಕ್ಕೆ ಅಂಟಿಕೊಳ್ಳುತ್ತದೆ. ಅದನ್ನು ಗುಳಿಗೆ ಹಾಕಿ ಮೆಲ್ಲಗೆ ಒತ್ತಬೇಕು, ಬಿಗಿಯಾಗಿ ತುರುಕಬಾರದು. ಕಾಳುಗಳ ನಡುವೆ ರಕ್ತನಾಳ ನುಗ್ಗಲು ಸಂದಿ ಉಳಿಯಬೇಕು. ಮೇಲೆ ಮೆಂಬ್ರೇನ್ ಹೊದಿಸಿ ಹೊಲಿಗೆ. ಐದು ತಿಂಗಳ ಬಳಿಕ ಇಂಪ್ಲಾಂಟ್‌ಗೆ ಅಲ್ಲಿ ರಂಧ್ರ ಕೊರೆಯುವಾಗ ಡ್ರಿಲ್ಲಿಗೆ ಸಿಗುವ ಪ್ರತಿರೋಧ ಕೈಗೆ ಗೊತ್ತಾಗುತ್ತದೆ, ಕೊರೆದ ಜಾಗದಲ್ಲಿ ರಕ್ತ ಒಸರುತ್ತದೆ, ಅಲ್ಲೊಂದು ಇಲ್ಲೊಂದು ಹಳೆಯ ಬಿಳಿ ಕಾಳು ಹೊಸ ಮೂಳೆಯ ನಡುವೆ ಹುದುಗಿರುವುದು ಕಾಣುತ್ತದೆ. ರಕ್ತ ಒಸರದೆ ಪುಡಿಪುಡಿಯಾಗಿ ಉದುರಿದರೆ ಇನ್ನೂ ಆಗಿಲ್ಲವೆಂದು ಮುಚ್ಚಿ ಕಾಯಬೇಕಾಗುತ್ತದೆ.

ಒಂದು ಸಲ ನಾನು ಕಾಯಲಿಲ್ಲ. ವೃತ್ತಿಗೆ ಬಂದ ಹೊಸತರಲ್ಲಿ, ಗಲ್ಫಿಗೆ ಮರಳಬೇಕಿದ್ದ ಯುವಕನೊಬ್ಬ ವಿಮಾನದ ಟಿಕೆಟ್ ಹಿಡಿದು ಅವಸರಪಡಿಸಿದಾಗ, ಮೂರು ತಿಂಗಳಿಗೇ ಇಂಪ್ಲಾಂಟ್ ಕೂರಿಸಿದೆ. ಕೂರಿಸುವಾಗಲೇ ಸ್ಕ್ರೂ ಬಿಗಿಯಾಗಿ ನಿಲ್ಲುತ್ತಿಲ್ಲವೆಂಬುದು ಕೈಗೆ ತಿಳಿದಿತ್ತು. ಎರಡು ತಿಂಗಳಲ್ಲಿ ಅದು ಸಡಿಲಾಗಿ, ಅವನು ಅಲ್ಲಿಯೇ ಬೇರೆ ವೈದ್ಯರಲ್ಲಿ ತೆಗೆಸಬೇಕಾಯಿತು. ತಪ್ಪು ಮೂಳೆಯದಲ್ಲ, ನನ್ನದು. ನಿಮ್ಮ ಮಗನ ಕೆಲಸ, ಪರೀಕ್ಷೆಗಳ ದಿನಾಂಕವನ್ನು ವೈದ್ಯರಿಗೆ ಈಗಲೇ ತಿಳಿಸಿ, ಅಲ್ಲಿಯವರೆಗೆ ಪಕ್ಕದ ಹಲ್ಲುಗಳಿಗೆ ಅಂಟಿಸಿದ ತಾತ್ಕಾಲಿಕ ಹಲ್ಲು ಮಾಡಿಸಿಕೊಂಡರೆ ಆಯಿತು.

ಪ್ರಶ್ನೆ: ನನಗೆ 49 ವರ್ಷ. ಸಕ್ಕರೆ ಕಾಯಿಲೆ ಇದೆ, ದಿನಕ್ಕೆ ಒಂದು ಕಟ್ಟು ಬೀಡಿ ಸೇದುತ್ತೇನೆ, ಊಟವಾದ ಮೇಲೆ ಎಲೆಅಡಿಕೆಯೂ ಬೇಕು. ದುಬಾರಿಯಾದ ಒಳ್ಳೆಯ ವಿದೇಶಿ ಮೂಳೆ ಹಾಕಿಸಿದರೆ ಇವೆಲ್ಲ ಅಡ್ಡಿಯಾಗಲಾರದಲ್ಲವೇ? (ಬಂಟ್ವಾಳ)

ಉತ್ತರ: ಆಗುತ್ತದೆ. ಮೊದಲ ಉತ್ತರದಲ್ಲಿ ಹೇಳಿದ ಸೆಂಟ್ರಿಂಗಿನ ಮಾತನ್ನು ನೆನಪಿಸಿಕೊಳ್ಳಿ: ಹಲಗೆ ಸಾಗುವಾನಿಯದಾದರೇನು, ಕಾಂಕ್ರೀಟು ಬರದಿದ್ದರೆ ತಾರಸಿ ಏಳುವುದಿಲ್ಲ. ಬೀಡಿಯ ನಿಕೋಟಿನ್ ವಸಡಿನ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಹೊಲಿಗೆ ಬಿಚ್ಚಿಕೊಂಡು ಮೆಂಬ್ರೇನ್ ಹೊರಕ್ಕೆ ಕಾಣಿಸುವುದು ಸೇದುವವರಲ್ಲೇ ಹೆಚ್ಚು, ಹಾಗೆ ಬಾಯ್ತೆರೆದ ಗಾಯಕ್ಕೆ ಸೋಂಕು ತಗುಲಿದರೆ ಹಾಕಿದ ಮೂಳೆಯೆಲ್ಲ ಕೀವಿನೊಡನೆ ಹೊರಬರುತ್ತದೆ. ಎರಡು ವಾರ ಮೊದಲೇ ಬಿಟ್ಟು, ಆದ ಮೇಲೆ ಎರಡು ತಿಂಗಳಾದರೂ ಮುಟ್ಟದೆ ಇರಲು ಸಾಧ್ಯವಾದರೆ ಮಾತ್ರ ನಾನು ಕೈ ಹಾಕುತ್ತೇನೆ. ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. 7ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು, 8 ದಾಟಿದ್ದರೆ ಮೊದಲು ಅದನ್ನು ಇಳಿಸಿಕೊಂಡು ಬನ್ನಿ. ಅಡಿಕೆಯ ವಿಷಯದಲ್ಲಿ ಒಂದನ್ನು ನೀವೇ ಪರೀಕ್ಷಿಸಿಕೊಳ್ಳಬಹುದು: ನಿಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸಲು ಆಗದಿದ್ದರೆ, ಕೆನ್ನೆಯ ಒಳಭಾಗ ಬಿಗಿದುಕೊಳ್ಳುತ್ತಿರಬಹುದು. ಹಾಗಿದ್ದರೆ ಇಂಪ್ಲಾಂಟ್‌ನ ಮಾತು ಆಮೇಲೆ, ಮೊದಲು ಆ ಬಾಯಿಯನ್ನು ತಜ್ಞರಿಗೆ ತೋರಿಸಿ.

ಪ್ರಶ್ನೆ: ನನ್ನ ಅತ್ತೆಯವರು ಮೂಳೆ ಸವೆತಕ್ಕೆ ಐದು ವರ್ಷಗಳಿಂದ ವಾರಕ್ಕೊಂದು ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಅವರಿಗೆ ದವಡೆಗೆ ಮೂಳೆ ಹಾಕಿಸಬಹುದೇ? (ಕುಂದಾಪುರ)

ಉತ್ತರ: ಮಾತ್ರೆಯ ಹೆಸರನ್ನು ದಂತ ವೈದ್ಯರಿಗೆ ಮೊದಲ ದಿನವೇ ಹೇಳಿ. ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್, ವರ್ಷಕ್ಕೊಮ್ಮೆ ಕೊಡುವ ಜೊಲೆಡ್ರೊನಿಕ್ ಆಮ್ಲದ ಇಂಜೆಕ್ಷನ್, ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮಾಬ್ ಇವೆಲ್ಲ ಹಳೆಯ ಮೂಳೆ ಕರಗುವುದನ್ನು ತಡೆಯುತ್ತವೆ. ಹೊಸ ಮೂಳೆ ಕಟ್ಟುವುದಕ್ಕೂ ಹಳೆಯದು ಕರಗಲೇಬೇಕಾದ್ದರಿಂದ, ದವಡೆಯ ಗಾಯ ಮಾಯದೆ ಮೂಳೆಯ ಒಂದು ಭಾಗ ಸತ್ತುಹೋಗುವ ತೊಂದರೆ ಈ ಔಷಧಗಳನ್ನು ತೆಗೆದುಕೊಳ್ಳುವವರಲ್ಲಿ ಅಪರೂಪಕ್ಕೆ ಕಾಣಿಸುತ್ತದೆ. ಕ್ಯಾನ್ಸರಿಗಾಗಿ ದೊಡ್ಡ ಪ್ರಮಾಣದಲ್ಲಿ ಇಂಜೆಕ್ಷನ್ ಪಡೆಯುವವರಲ್ಲಿ ಈ ಅಪಾಯ ಹೆಚ್ಚು, ಅವರಿಗೆ ನಾನು ಈ ಚಿಕಿತ್ಸೆಯನ್ನು ಮಾಡುವುದಿಲ್ಲ. ವಾರದ ಮಾತ್ರೆಯವರಲ್ಲಿ ಬಹಳ ಕಡಿಮೆ, ಆದರೆ ವರ್ಷಗಳು ಕಳೆದಂತೆ ಏರುತ್ತದೆ. ಎಲುಬು ತಜ್ಞರನ್ನು ಕೇಳದೆ ಮಾತ್ರೆಯನ್ನಾಗಲಿ ಇಂಜೆಕ್ಷನನ್ನಾಗಲಿ ನಿಲ್ಲಿಸಬೇಡಿ. ಡೆನೊಸುಮಾಬ್ ತಪ್ಪಿಸಿದವರಿಗೆ ಬೆನ್ನುಮೂಳೆ ಮುರಿದ ಉದಾಹರಣೆಗಳಿವೆ.

ಪ್ರಶ್ನೆ: ಕೆಳಗಿನ ದವಡೆ ಹಲ್ಲಿನ ಜಾಗಕ್ಕೆ ಒಬ್ಬರು ಮೂಳೆ ಹಾಕಲೇಬೇಕು ಎನ್ನುತ್ತಾರೆ, ಇನ್ನೊಬ್ಬರು ಗಿಡ್ಡ ಇಂಪ್ಲಾಂಟ್ ಸಾಕು ಎನ್ನುತ್ತಾರೆ. ಯಾರನ್ನು ನಂಬುವುದು? (ಪುತ್ತೂರು)

ಉತ್ತರ: ಸಿಬಿಸಿಟಿ ಸ್ಕ್ಯಾನ್‌ನಲ್ಲಿ (ದವಡೆಯ ಮೂರು ಆಯಾಮದ ಎಕ್ಸ್‌ರೇ) ಎರಡು ಅಳತೆ ಕೇಳಿ ಬರೆದುಕೊಳ್ಳಿ. ಮೊದಲನೆಯದು ಎತ್ತರ, ಅಂದರೆ ವಸಡಿನಡಿಯ ಮೂಳೆಯ ಅಂಚಿನಿಂದ ಕೆಳಗೆ ದವಡೆಯೊಳಗೆ ಸಾಗುವ ನರದ ಕಾಲುವೆಯವರೆಗೆ. ಆ ನರಕ್ಕೆ ಪೆಟ್ಟಾದರೆ ತುಟಿ ಮರಗಟ್ಟುತ್ತದೆಯಾದ್ದರಿಂದ ಎರಡು ಮಿಲಿಮೀಟರ್ ಅಂತರ ಬಿಡಲೇಬೇಕು. ಎರಡನೆಯದು ಅಗಲ. ನಾಲ್ಕು ಮಿಲಿಮೀಟರ್ ದಪ್ಪದ ಇಂಪ್ಲಾಂಟ್ ಸುತ್ತ ಎರಡೂ ಕಡೆ ಒಂದೂವರೆಯಷ್ಟು ಮೂಳೆ ಬೇಕು, ಅಂದರೆ ಒಟ್ಟು ಏಳು. ಎತ್ತರ ಮಾತ್ರ ಕಡಿಮೆಯಿದ್ದು ಅಗಲ ಚೆನ್ನಾಗಿದ್ದರೆ ಗಿಡ್ಡ ಇಂಪ್ಲಾಂಟ್ ಹೇಳಿದವರ ಕಡೆ ನನ್ನ ಒಲವು, ಏಕೆಂದರೆ ಕೆಳದವಡೆಯಲ್ಲಿ ಎತ್ತರಕ್ಕೆ ಮೂಳೆ ಕಟ್ಟುವುದು ಈ ಕಸುಬಿನಲ್ಲಿ ಅತಿ ಕಷ್ಟದ ಕೆಲಸಗಳಲ್ಲೊಂದು. ಅಗಲವೇ ನಾಲ್ಕಕ್ಕೆ ಇಳಿದಿದ್ದರೆ ಗಿಡ್ಡದ್ದೂ ನಿಲ್ಲದು, ಮೂಳೆ ಹಾಕಬೇಕು. ಖರ್ಚು ಅಡ್ಡಿಯಾದರೆ ಮಣಿಪಾಲ, ಮಂಗಳೂರು, ದೇರಳಕಟ್ಟೆಯ ದಂತ ಕಾಲೇಜುಗಳಲ್ಲಿ ವಿಚಾರಿಸಿ. ಎಲ್ಲೇ ಆಗಲಿ ಮೂಳೆ, ಮೆಂಬ್ರೇನ್, ಇಂಪ್ಲಾಂಟ್, ಮೇಲಿನ ಹಲ್ಲು ಇವುಗಳ ದರವನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳಿ.

ಪ್ರಶ್ನೆ: ನನಗೆ ಸೈನಸ್ ಲಿಫ್ಟ್ ಮಾಡಿ ಮೂಳೆ ಹಾಕಿ ಮೂರು ದಿನಗಳಾದವು. ಇಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ಮರಳಿನಂತಹ ನಾಲ್ಕೈದು ಕಾಳು ಬಂದವು. ಎಲ್ಲವೂ ಹಾಳಾಯಿತೇ? ಏನು ತಿನ್ನಬಹುದು? (ಸುರತ್ಕಲ್)

ಉತ್ತರ: ಈ ಪತ್ರಕ್ಕೆ ಆಗಲೇ ಫೋನಿನಲ್ಲಿ ಉತ್ತರಿಸಿದ್ದೇನೆ, ಬೇರೆಯವರಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ. ಮೊದಲ ಕೆಲವು ದಿನ ಹೊಲಿಗೆಯ ಸಂದಿಯಿಂದ ನಾಲ್ಕೈದು ಕಾಳು ಬರುವುದು ಸಾಮಾನ್ಯ. ದಿನವೂ ಚಿಟಿಕೆಯಷ್ಟು ಬರುತ್ತಿದ್ದರೆ, ಮೂಗಿನಿಂದ ಕಾಳು ಬಂದರೆ, ಬಾವು ಇಳಿಯುವ ಬದಲು ಏರಿದರೆ, ಕೆಟ್ಟ ರುಚಿ ಅಥವಾ ಜ್ವರ ಕಂಡರೆ ಅದೇ ದಿನ ತೋರಿಸಬೇಕು. ಜೋರಾಗಿ ಮುಕ್ಕಳಿಸಬೇಡಿ, ನೀರನ್ನು ಬಾಯಲ್ಲಿ ತುಂಬಿಕೊಂಡು ತಲೆ ವಾಲಿಸಿ ತಾನಾಗಿ ಬೀಳಲು ಬಿಡಿ. ಮೂರು ವಾರ ಮೂಗು ಸೀಟಬೇಡಿ, ಸೀನು ಬಂದರೆ ಬಾಯಿ ತೆರೆದು ಸೀನಿ. ಬೊಂಡದ ನೀರು ಧಾರಾಳವಾಗಿ ಕುಡಿಯಿರಿ, ಆದರೆ ಲೋಟಕ್ಕೆ ಸುರಿದುಕೊಂಡು. ಕೊಳವೆಯಿಂದ ಎಳೆದರೆ ಹೊಲಿಗೆಯ ಮೇಲೆ ಸೆಳೆತ ಬೀಳುತ್ತದೆ. ಆರಿದ ಕುಚ್ಚಲಕ್ಕಿ ಗಂಜಿಯನ್ನು ಚೆನ್ನಾಗಿ ಹಿಚುಕಿ ಉಣ್ಣಿ, ನೀರುದೋಸೆಯನ್ನು ಇನ್ನೊಂದು ಬದಿಯಲ್ಲಿ ತಿನ್ನಬಹುದು, ಮೀನಾದರೆ ಮುಳ್ಳು ಬಿಡಿಸಿ. ಕೋರಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿದರೂ ಅದರ ಅಂಚು ಚುಚ್ಚುತ್ತದೆ, ಹೊಲಿಗೆ ಬಿಚ್ಚಿ ವೈದ್ಯರು ಆಗಬಹುದು ಎನ್ನುವವರೆಗೆ ಅದು ಬೇಡ.